ಉಸಿರಿನ ಬಳಗದ ಡಾಕ್ಟರು

ಡಾಕ್ಟರು ತೀರಿಕೊಂಡರೆಂದು ಯಲ್ಲಾಪುರದ ಸಿಸ್ಟರ್ ಫೋನು ಮಾಡಿ ಹೇಳಿದ ದಿನದಿಂದ ಅವರ ಮುಖವನ್ನು ಕಣ್ಣೆದುರು ತಂದುಕೊಳ್ಳಲು ನೋಡುತ್ತಿದ್ದೇನೆ. ಪೂರ್ತಿ ಬರುವುದಿಲ್ಲ. ಮೊದಲು ಬರುವುದು ಕಿವಿ. ದೊಡ್ಡ ಕಿವಿ, ತುಸು ಮುಂದಕ್ಕೆ ಬಾಗಿದ್ದು, ಯಾರದೋ ಮಾತಿಗೆ ಯಾವಾಗಲೂ ಕಾದು ಕೂತಂತಿದ್ದದ್ದು. ಆಮೇಲೆ ಮುಚ್ಚಿದ ಕಣ್ಣು. ಮೂಗು, ಬಾಯಿ, ಹಣೆ ಎಲ್ಲ ಮಂಜಿನಲ್ಲೇ ಉಳಿದುಬಿಡುತ್ತವೆ. ಫೋಟೋ ಹುಡುಕೋಣವೆಂದರೆ ಅವರು ಫೋಟೋಕ್ಕೆ ನೆಟ್ಟಗೆ ನಿಂತವರೇ ಅಲ್ಲ. ನಮ್ಮ ಬಳಗದ ಒಂದೇ ಒಂದು ಫೋಟೋದಲ್ಲಿ ಪಕ್ಕದವರ ಎದೆಯ ಕಡೆ ತಲೆ ಬಾಗಿಸಿ ಕೂತಿದ್ದಾರೆ. ಅಲ್ಲಿ ಕಾಣುವುದೂ ಕಿವಿಯೇ.

ಸಿರಸಿಯಲ್ಲಿ ಅವರನ್ನು ಎಲ್ಲರೂ ದಮ್ಮಿನ ಡಾಕ್ಟರು ಅನ್ನುತ್ತಿದ್ದರು. ಅವರ ನಿಜವಾದ ಹೆಸರು ದವಾಖಾನೆಯ ಹಲಗೆಯ ಮೇಲೆ ಇತ್ತು, ಆದರೆ ಆ ಹಲಗೆ ಓದಿ ಯಾರೂ ಒಳಗೆ ಬರುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಹೆಗಲು ಮೇಲೆತ್ತಿಕೊಂಡು ಕೂತವರನ್ನು ನೋಡಿಯೇ ಇದು ದಮ್ಮಿನ ಡಾಕ್ಟರ ಮನೆ ಎಂದು ಗೊತ್ತಾಗುತ್ತಿತ್ತು. ಅವರು ಹಾವೇರಿ ಕಡೆಯವರು. ನಮ್ಮೂರಿಗೆ ಬಂದು ಎಷ್ಟು ಕಾಲವಾದರೂ ಮಾತು ಮಾತ್ರ ಅಲ್ಲಿಯದೇ. ನಮ್ಮವರು 'ಎಂತದು, ಇಲ್ಲೆ' ಎಂದು ರಾಗ ಎಳೆಯುವುದನ್ನು ಕಣ್ಣು ಮುಚ್ಚಿ ಕೇಳಿ, ತಮ್ಮ ಬಯಲುಸೀಮೆಯ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಏನೂ ತೊಂದರೆ ಆಗುತ್ತಿರಲಿಲ್ಲ.

ನಾನು ಪೇಟೆಯ ಶಾಲೆಯೊಂದರಲ್ಲಿ ಮಾಸ್ತರ. ಹೊಟ್ಟೆಪಾಡಿಗೆ ಸೀಮೆಸುಣ್ಣ, ಜೀವಕ್ಕೆ ಭಾಗವತಿಕೆ. ಅಂದರೆ ತಾಳಮದ್ದಳೆಯಲ್ಲಿ ಪದ್ಯ ಹಾಡುವ ಕೆಲಸ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಯಕ್ಷಗಾನ. ಅರ್ಥ ಹೇಳುವವರು ಎದುರುಬದಿರು ಕೂತು ಮಾತಿನಲ್ಲಿ ಯುದ್ಧ ಮಾಡುತ್ತಾರೆ, ಅವರನ್ನು ಪದ್ಯದಲ್ಲಿ ಎತ್ತಿ ಇಳಿಸುವವನು ಭಾಗವತ. ಅವನಿಗೆ ವಿದ್ಯೆ ಸ್ವಲ್ಪ ಕಡಿಮೆಯಿದ್ದರೂ ನಡೆದೀತು, ಉಸಿರು ಕಡಿಮೆಯಾದರೆ ಮುಗಿಯಿತು. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನನಗೆ ಅದು ಕಡಿಮೆಯಾಗತೊಡಗಿತು. ಪದ್ಯದ ಕೊನೆಯ ಸಾಲು ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಮದ್ದಳೆ ಬಾರಿಸುವವ ಒಳ್ಳೆಯವ. ನಾನು ಬಿಟ್ಟ ಜಾಗವನ್ನೆಲ್ಲ ಬೆರಳಲ್ಲಿ ತುಂಬಿ ಮರ್ಯಾದೆ ಕಾಯುತ್ತಿದ್ದ. ಆದರೆ ಎಷ್ಟು ದಿನ ಕಾದಾನು?

ಡಾಕ್ಟರ ಹತ್ತಿರ ಹೋದಾಗ ಅಮ್ಮ ಜೊತೆಗಿದ್ದಳು. ಅವರು ಸ್ಟೆತೊಸ್ಕೋಪನ್ನು ನನ್ನ ಬೆನ್ನಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಯೇ ಇದ್ದರು. ಹೊರಗೆ ಬಸ್‌ಸ್ಟ್ಯಾಂಡಿನ ಗಲಾಟೆ, ಕಿಟಕಿಯ ಮೇಲೆ ಒಂದು ಗುಬ್ಬಿ, ಒಳಗೆ ಮೂರು ಜನ ಸುಮ್ಮನೆ. ಡಾಕ್ಟರು ನಿದ್ದೆ ಹೋದರೇನೋ ಎಂದು ನನಗೆ ಅನುಮಾನ ಬಂತು. ಅಷ್ಟರಲ್ಲಿ ಕಣ್ಣು ಬಿಟ್ಟು, ಕಿವಿಯಿಂದ ಆ ಕೊಳವೆ ತೆಗೆದು ಅಮ್ಮನ ಕಡೆ ಚಾಚಿದರು.

"ತಾಯಿ, ಕೇಳ್ರಿ. ನಿಮ್ಮ ಮಗನ ಎದ್ಯಾಗ ಯಾರೋ ಕೊಳಲ ಕಲಿಯಾಕತ್ತಾರ."

ಅಮ್ಮ ಹಿಂದೆ ಸರಿದಳು. ಹತ್ತಾರು ಜನರ ಕಿವಿಯ ವಸ್ತು, ಅವಳ ಮಡಿಗೆ ಒಗ್ಗುವಂಥದ್ದಲ್ಲ. ಆದರೆ ಮಗನ ಎದೆ. ಸೆರಗಿನ ತುದಿಯಲ್ಲಿ ಒರೆಸಿ ಒರೆಸಿ ಕಿವಿಗಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಸಣ್ಣ ಹುಡುಗಿಯ ಮುಖದಂತಾಯಿತು.

"ಬೆಕ್ಕಿನ ಮರಿ ಒಳಗೆ ಸಿಕ್ಕಿಬಿದ್ದಂಗೆ ಕೇಳ್ತಪಾ ತಮಾ," ಅಂದಳು ನನಗೆ.

ಇದು ಡಾಕ್ಟರ ಪದ್ಧತಿ. ರೋಗಿಯ ಮನೆಯವರಿಗೆಲ್ಲ ಅವನ ಎದೆ ಕೇಳಿಸುತ್ತಿದ್ದರು. ಹೆಂಡತಿ ಗಂಡನದು, ಗಂಡ ಹೆಂಡತಿಯದು, ಅತ್ತೆ ಸೊಸೆಯದು. ಸೊಸೆ ಕೆಲಸಗಳ್ಳಿ, ನೆಪ ಹೇಳುತ್ತಾಳೆ ಎಂದು ಬೈದುಕೊಳ್ಳುತ್ತಲೇ ಬಂದ ಒಬ್ಬ ಅತ್ತೆ, ಆ ಕೊಳವೆಯನ್ನು ಕಿವಿಗಿಟ್ಟುಕೊಂಡ ಮೇಲೆ ಬಾಯಿ ಬಿಡದೆ ಸೊಸೆಯ ಕೈಚೀಲವನ್ನು ತಾನೇ ಹೊತ್ತುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ನಾನು ಅವರಿಗೆ ನೇರವಾಗಿ ಹೇಳಿದೆ. "ಡಾಕ್ಟ್ರೇ, ಗುಡ್ಡ ಹತ್ತಲಿಕ್ಕೆ ಆಗದಿದ್ದರೂ ಅಡ್ಡಿಯಿಲ್ಲ. ನನಗೆ ಹಾಡಲಿಕ್ಕೆ ಆಗಬೇಕು. ಅದು ಹೋದರೆ ನಾನು ಇದ್ದೂ ಇಲ್ಲದಂತೆ."

ಅವರು ನಗಲಿಲ್ಲ. "ಈಗ ಏನೇನು ತಗೋಳಾಕತ್ತೀರಿ, ಹೇಳ್ರಿ," ಅಂದರು.

ಹೇಳಿದೆ. ಸಿದ್ದಾಪುರದ ಪಂಡಿತರ ಕಷಾಯ, ಅವರು ಮೊಸರು ಮುಟ್ಟಬೇಡ ಅಂದಿದ್ದಾರೆ. ಔಷಧದಂಗಡಿಯವರು ಕೊಟ್ಟ ಬಿಳಿ ಮಾತ್ರೆ, ನುಂಗಿದ ದಿನ ಆನೆಬಲ, ಮರುದಿನ ಮೊದಲಿನ ಹಾಗೇ. ಒಬ್ಬರು ಅನ್ನ ಬಿಡು ಅಂದರು, ಇನ್ನೊಬ್ಬರು ಹಾಡು ಬಿಡು ಅಂದರು. ಸೇದುವ ಔಷಧ ಮಾತ್ರ ಬೇಡವೇ ಬೇಡ, ಅದು ಕೊನೆಗಾಲದ್ದು ಎಂದು ಎಲ್ಲರೂ ಹೇಳಿದರು.

"ಒಂದ ಗಾಡಿಗೆ ನಾಲ್ಕ ಕಡೆ ಎತ್ತು ಕಟ್ಟೀರಲ್ರೀ," ಅಂದರು ಡಾಕ್ಟರು. ಉಳಿದ ಯಾವ ಡಾಕ್ಟರಾದರೂ ಇಷ್ಟು ಕೇಳಿ ಎಲ್ಲರನ್ನೂ ಬೈದು, ನಾಳೆಯಿಂದ ನನ್ನ ಮದ್ದು ಮಾತ್ರ ಎಂದು ಕಳಿಸುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಆ ವಾರವೇ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗಿ ಪಂಡಿತರ ಜಗಲಿಯ ಮೇಲೆ ಕೂತರು. ಔಷಧದಂಗಡಿಗೆ ಹೋಗಿ ಗಿರಾಕಿಗಳ ಸಾಲಿನಲ್ಲಿ ನಿಂತರು. ಯಲ್ಲಾಪುರದ ಸರ್ಕಾರಿ ದವಾಖಾನೆಯಲ್ಲಿ ಒಬ್ಬರು ಸಿಸ್ಟರ್ ಇದ್ದರು, ಕಾರವಾರ ಕಡೆಯ ಕೊಂಕಣಿಯವರು, ಮನೆಮನೆಗೆ ನಡೆದು ಹೋಗುವ ಹೆಣ್ಣುಮಗಳು. ಅವರನ್ನೂ ಕಂಡು ಬಂದರು. ಎಲ್ಲರಿಗೂ ಹೇಳಿದ ಮಾತು ಒಂದೇ. "ನೀವು ಹೇಳಿದ್ದು ತಪ್ಪು ಅಂತ ಹೇಳಾಕ ಬಂದಿಲ್ರೀ. ನಾವೆಲ್ಲಾ ಒಮ್ಮಿ ಕೂಡಿ ಕುಂದರೂಣು ಅಂತ ಕೇಳಾಕ ಬಂದೀನಿ."

ಹೀಗೆ ಹುಟ್ಟಿದ್ದು ಉಸಿರಿನ ಬಳಗ.

ಮೊದಲ ಸಭೆಗೆ ಜಾಗ ಹೊಂದಿಸಿದವ ನಾನೇ. ನಮ್ಮ ಶಾಲೆಯ ಮಹಡಿಯ ಕೋಣೆ, ಭಾನುವಾರ. ಆ ಕೋಣೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಹಂಚಿನ ನಡುವೆ ಒಂದು ಗಾಜಿನ ಹಂಚು, ಅದರಿಂದ ಇಳಿಯುವ ಬಿಸಿಲಿನ ಕೋಲು, ಆ ಬಿಸಿಲಿನಲ್ಲಿ ಮೆಲ್ಲಗೆ ಏರುತ್ತ ಇಳಿಯುತ್ತ ಇರುವ ಸೀಮೆಸುಣ್ಣದ ಧೂಳು. ಎಲ್ಲರೂ ಬಂದರು, ಯಾರೂ ಕೂರಲಿಲ್ಲ. ಪಂಡಿತರು ಅಂಗಡಿಯವರ ಪಕ್ಕ ಕೂರಲು ತಯಾರಿಲ್ಲ, ಅಂಗಡಿಯವರು ಪಂಡಿತರ ಎದುರು ಕುರ್ಚಿ ಹಾಕಿಕೊಳ್ಳಲು ತಯಾರಿಲ್ಲ, ಸಿಸ್ಟರ್ ಬಾಗಿಲ ಹತ್ತಿರವೇ ನಿಂತರು. ಡಾಕ್ಟರು ಕುರ್ಚಿಗಳನ್ನೆಲ್ಲ ತಾವೇ ಎತ್ತಿ ಗೋಡೆಗೆ ಜೋಡಿಸಿ, ಜಮಖಾನ ಹಾಸಿ, ನಡುವೆ ಕೂತು ಆ ಬಿಸಿಲನ್ನೇ ನೋಡತೊಡಗಿದರು.

"ಎಷ್ಟ ಚಂದ ಕಾಣ್ತೈತಿ ನೋಡ್ರಿ ಧೂಳ," ಅಂದರು. "ನಮ್ಮನ್ನ ಇಲ್ಲಿ ಕೂಡಿಸಿದ್ದು ಅದೇ."

ಧೂಳು ನೋಡುತ್ತ ನೋಡುತ್ತ ಯಾವಾಗ ಎಲ್ಲರೂ ಕೂತರೋ ನನಗೂ ತಿಳಿಯಲಿಲ್ಲ. ಆಮೇಲೆ ಬಳಗದ ಕಟ್ಟಳೆ ಹೇಳಿದರು. ಯಾರೇ ರೋಗಿ ಬಂದರೂ ಎಲ್ಲರೂ ಅವನ ಎದೆ ಕೇಳಬೇಕು. ಎಲ್ಲರೂ ಕೇಳಿ ಮುಗಿಯುವ ತನಕ ಯಾರೂ ಮದ್ದಿನ ಹೆಸರು ಎತ್ತಬಾರದು. ಅವತ್ತಿನ ರೋಗಿ ನಾನು. ಪಂಡಿತರು ನನ್ನ ನಾಡಿ ಹಿಡಿದರು. ಡಾಕ್ಟರು ತಮ್ಮ ಕೈಯನ್ನೂ ಅವರ ಮುಂದೆ ಚಾಚಿ, "ನನಗೂ ಒಂಚೂರು ಕಲಸ್ರಿ, ಬೆರಳ ಎಲ್ಲಿ ಇಡಬೇಕು?" ಅಂದರು. ಪಂಡಿತರು ಮುಖ ಗಂಟು ಹಾಕಿಕೊಂಡು ಬಂದವರು, ಆ ಬೆರಳು ಹಿಡಿದು ಇಡಿಸುವಾಗ ಗಂಟು ಸಡಿಲವಾಯಿತು. ಕೊನೆಗೆ ಮಾತು ಒಂದಾಯಿತು. ಬಿಳಿ ಮಾತ್ರೆ ಇನ್ನು ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಅಂಗಡಿಯವರು ಒಪ್ಪಿದರು. ಕಷಾಯ ಬೇಕಾದರೆ ಕುಡಿಯಲಿ, ಆದರೆ ಸೇದುವ ಪುಡಿ ತಪ್ಪಿಸಬಾರದು ಎಂದು ಪಂಡಿತರೇ ನನಗೆ ಹೇಳಿದರು. ಅವರ ಬಾಯಿಂದ ಬಂದ ಮೇಲೆ ಅಮ್ಮನೂ ಹೂಂ ಅಂದಳು.

ಪುಡಿ ಅಂದರೆ ಒಂದು ಸಣ್ಣ ಗುಳಿಗೆಯೊಳಗೆ ತುಂಬಿದ್ದು. ಆ ಗುಳಿಗೆಯನ್ನು ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಳಗೆ ಇಟ್ಟು ತಿರುವಿದರೆ ಒಡೆಯುತ್ತದೆ. ಬಾಯಿಗಿಟ್ಟು ಜೋರಾಗಿ ಎಳೆದುಕೊಳ್ಳಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು. ಗಂಟಲು ಕೆಡದಂತೆ ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. "ಕೊಳವಿ ಸ್ವಚ್ಛ ಇಟ್ಕೋರಿ," ಎಂದೂ ಹೇಳಿ ಕಳಿಸಿದರು. ಅಮ್ಮ ಪಕ್ಕದಲ್ಲಿ ನಿಂತು ಎಲ್ಲವನ್ನೂ ಗಮನವಿಟ್ಟು ಕೇಳಿದಳು.

ಆಮೇಲೆ ಬಳಗ ಒಂದು ತಿಂಗಳು ಸಿರಸಿ, ಒಂದು ತಿಂಗಳು ಸಿದ್ದಾಪುರ, ಒಂದು ತಿಂಗಳು ಯಲ್ಲಾಪುರ ಎಂದು ತಿರುಗತೊಡಗಿತು. ನಾನು ರೋಗಿಯೂ ಹೌದು, ಜಮಖಾನ ಹೊರುವವನೂ ಹೌದು. ಬಸ್ಸಿನಲ್ಲಿ ಡಾಕ್ಟರು ಯಾವಾಗಲೂ ಕಿಟಕಿಯ ಕಡೆ. ಸ್ವರ್ಣವಲ್ಲಿ ಕಡೆಗೆ ದಾರಿ ಒಡೆಯುವಲ್ಲಿ ಬೆಳಗಿನ ಮಂಜು ರಸ್ತೆಯ ಮೇಲೇ ಮಲಗಿರುತ್ತಿತ್ತು. ಬಸ್ಸು ಅದರೊಳಗೆ ಹೊಕ್ಕು ಹೊರಬರುವ ತನಕ ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಒಮ್ಮೆ ಆ ಮಂಜಿನೊಳಗೆ ಇರುವಾಗಲೇ ಅವರು ಹೇಳಿದರು.

"ನಮ್ಮವ್ವಗ ದಮ್ಮು ಇತ್ರೀ. ದಿಂಬಿಗೆ ಆನಿಕೊಂಡು ಕೂತೇ ಇರತಿದ್ಲು. ಸಣ್ಣಾಂವ ಇದ್ದಾಗ ಆ ಸುಂಯ್ ಅನ್ನೂ ಸದ್ದು ಕೇಳ್ಕೋತ ಮಲಗತಿದ್ದೆ. ಆಕಿ ಹ್ವಾದ ಮ್ಯಾಲ ಮನಿ ಸುಮ್ಮಕಾತು. ನನಗ ನಿದ್ದೀನೇ ಬರಲಿಲ್ಲ."

ಮಂಜು ಕಳೆದು ಬಿಸಿಲು ಬಂತು, ಅವರು ಕಂಡಕ್ಟರನ ಮಗುವಿನ ಕೆಮ್ಮು ವಿಚಾರಿಸತೊಡಗಿದರು. ಇನ್ನೊಂದು ಸಲ ಆ ಮಾತನ್ನು ಎತ್ತಲಿಲ್ಲ.

ಯಲ್ಲಾಪುರದ ಸಭೆಗೆ ಮಾಗೋಡಿನ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದಳು. ಉಸಿರಿನ ಬಲ ಅಳೆಯುವ ಒಂದು ಕೊಳವೆ ಡಾಕ್ಟರ ಹತ್ತಿರ ಇತ್ತು. ಊದಿದರೆ ಮುಳ್ಳು ಮುಂದೆ ಹೋಗುತ್ತದೆ. ಅಜ್ಜಿಗೆ ಅದನ್ನು ಊದಿ ತೋರಿಸಲು ಸಿಸ್ಟರ್ ಹೋದಾಗ ಅಜ್ಜಿ ಕೊಳವೆಯನ್ನು ಕಸಿದುಕೊಂಡೇ ಬಿಟ್ಟಳು.

"ಊದೂದು ನಂಗೆ ಕಲಸ್ತೀರಾ? ಮದುವೆಯಾಗಿ ಬಂದಾಗಿಂದ ಒಲೆ ಊದೂದೇ ಕೆಲಸ ನಂದು!"

ಎಲ್ಲರೂ ನಕ್ಕರು. ಅಜ್ಜಿ ಕೆನ್ನೆ ಉಬ್ಬಿಸಿ ಊದಿದಳು. ಮುಳ್ಳು ಸ್ವಲ್ಪವೇ ಅಲುಗಿ ನಿಂತಿತು. ಮತ್ತೊಮ್ಮೆ ಊದಿದಳು. ನಗುತ್ತಿದ್ದವರು ಸುಮ್ಮನಾದರು. ಅಜ್ಜಿ ಆ ಮುಳ್ಳನ್ನು ನೋಡಿ, ನಮ್ಮನ್ನು ನೋಡಿ, "ಇದು ಕೆಟ್ಟಿದೆ," ಅಂದಳು. ಡಾಕ್ಟರು ಅವಳ ಕೈಯಿಂದ ಅದನ್ನು ಇಸಿದುಕೊಂಡು ತಾವೂ ಊದಿದರು. ಬೇಕೆಂದೇ ಸಣ್ಣಗೆ ಊದಿದರು, ಮುಳ್ಳು ಅಜ್ಜಿಯದರಷ್ಟೂ ಹೋಗಲಿಲ್ಲ. "ಹೌದ ಬಿಡ್ರಿ ಅಮ್ಮಾ, ಕೆಟ್ಟೈತಿ. ಅದಿರಲಿ, ನಿಮ್ಮ ಅಡಗಿಮನಿ ಹೊಗಿ ಎಲ್ಲಿಂದ ಹೊರಗ ಹೋಗ್ತೈತಿ, ಅದನ್ನ ಹೇಳ್ರಿ," ಅಂದರು. ಮುಂದಿನ ಸಭೆಯ ಹೊತ್ತಿಗೆ ಆ ಮನೆಯ ಮಾಡಿನಲ್ಲಿ ಹೊಗೆ ಹೋಗಲು ದಾರಿ ಆಗಿತ್ತು. ಸಿಸ್ಟರ್ ನಿಂತು ಮಾಡಿಸಿದ್ದರು.

ದಮ್ಮು ಗುಣ ಆಗುತ್ತದೆಯೇ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ. "ಹೋಗೂದಿಲ್ರೀ. ಆದ್ರ ಹೇಳಿದಂಗ ಕೇಳ್ಕೊಂಡು ಮನೀ ಮೂಲ್ಯಾಗ ಕುಂದರೂ ಹಂಗ ಮಾಡಬಹುದು." ನನ್ನದು ಮಾತ್ರ ಮೂಲೆಯಲ್ಲಿ ಕೂರಲಿಲ್ಲ. ದಿನಾ ಸೇದಿದೆ, ದಿನಾ ಮುಕ್ಕಳಿಸಿದೆ, ಮೊಸರೂ ಬಿಟ್ಟೆ. ಬೇರೆಯವರೆಲ್ಲ ಸುಧಾರಿಸುತ್ತಿದ್ದರು, ನಾನು ಇದ್ದಲ್ಲೇ. ಡಾಕ್ಟರು ಪುಡಿಯ ಬಲ ಹೆಚ್ಚಿಸಿದರು. ಮತ್ತೆ ಹೆಚ್ಚಿಸಿದರು. ನನ್ನ ಎದೆ ಕೇಳುವಾಗ ಅವರ ಹುಬ್ಬು ಗಂಟಾಗುವುದನ್ನು ನಾನು ನೋಡುತ್ತಿದ್ದೆ.

ಅದೇ ಹೊತ್ತಿಗೆ ಪೇಟೆಯ ಒಂದು ಕೂಟದಲ್ಲಿ ನಡುವೆಯೇ ತಾಳ ಕೆಳಗಿಟ್ಟೆ. ಎದ್ದು ಹೋಗಿ ಕಂಬ ಹಿಡಿದು ನಿಂತೆ. ಪಕ್ಕದಲ್ಲಿದ್ದ ಇನ್ನೊಬ್ಬ ಭಾಗವತ ಪದ್ಯವನ್ನು ಬಿದ್ದಲ್ಲಿಂದ ಎತ್ತಿಕೊಂಡು ಚೆನ್ನಾಗಿಯೇ ಮುಗಿಸಿದ. ಮುಗಿದ ಮೇಲೆ ಕೂಟದ ಹಿರಿಯರು ನನ್ನನ್ನು ಬದಿಗೆ ಕರೆದು ಬಹಳ ಮೆತ್ತಗೆ ಹೇಳಿದರು. "ಚಂದಗುಳಿ ಕಡೆ ಒಂದು ದೊಡ್ಡ ತಾಳಮದ್ದಳೆ ಇದ್ದಲ, ಅದಕ್ಕೆ ನೀನೇ ಭಾಗವತ ಅಂತ ಒಪ್ಪಿಯಾಗಿತ್ತು. ಅಲ್ಲಿ ನೋಡನ. ಅಲ್ಲೂ ಆಗದೇ ಹೋದ್ರೆ ಇನ್ಮುಂದೆ ಅವನೇ ಕೂರ್ಲಿ. ನಿಂಗೆ ಬೇಜಾರು ಬ್ಯಾಡ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮನೆಗೆ ಬಂದು ತಾಳವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಅಮ್ಮ ನೋಡಿದಳು. ಮರುದಿನ ಡಾಕ್ಟರಿಗೆ ಹೋಗಿ ಹೇಳಿದೆ, ಇನ್ನು ಹಾಡುವುದಿಲ್ಲ, ಚಂದಗುಳಿಗೂ ಹೋಗುವುದಿಲ್ಲ ಎಂದು. ಅವರು, "ರವಿವಾರ ಮುಂಜಾನೆ ನಿಮ್ಮ ಮನೀಗೆ ಬರ್ಲೇನ್ರೀ? ಎಲ್ಲಾರೂ ಕೂಡಿ?" ಅಂದರು.

ನಮ್ಮದು ಪೇಟೆಯ ಓಣಿಯಲ್ಲಿ ಬಾಡಿಗೆ ಮನೆ. ಅಷ್ಟು ಜನ ಬಂದದ್ದೇ ಅಮ್ಮನಿಗೆ ಸಂಭ್ರಮ. "ಬನ್ನಿ, ಬನ್ನಿ, ಆಸ್ರಿಗೆ ಎಂತ ಮಾಡಲಿ?" ಎಂದು ಓಡಾಡಿದಳು. ಡಾಕ್ಟರು ಕುಡಿಯಲು ಏನೂ ಬೇಡವೆಂದು ನನ್ನ ಎದುರು ಚಾಪೆಯ ಮೇಲೆ ಕೂತರು. "ದಿನಾ ಹೆಂಗ ತಗೋತೀರಿ, ಹಂಗೇ ತಗೋರಿ. ನಾವಿಲ್ಲ ಅಂತ ತಿಳ್ಕೋರಿ."

ಗುಳಿಗೆ ಇಟ್ಟೆ, ತಿರುವಿದೆ, ಉಸಿರು ಹೊರಗೆ ಬಿಟ್ಟೆ, ಬಾಯಿಗಿಟ್ಟು ಎಳೆದೆ, ಹಿಡಿದುಕೊಂಡೆ. ಡಾಕ್ಟರು ತಲೆಯಾಡಿಸಿದರು. ಒಂದೂ ತಪ್ಪಿರಲಿಲ್ಲ. ನಾನು ಮುಕ್ಕಳಿಸಲು ಎದ್ದೆ. ಎಲ್ಲರೂ ಇನ್ನೇನು ಮಾತು ಶುರುಮಾಡಬೇಕು, ಅಷ್ಟರಲ್ಲಿ ಅಮ್ಮ ಬಂದು ಕೊಳವೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಚ್ಚಲಿಗೆ ಹೋದಳು. ಡಾಕ್ಟರು ಅವಳ ಹಿಂದೆ ಹೋದರು. ನಾವೆಲ್ಲ ಡಾಕ್ಟರ ಹಿಂದೆ.

ಅಮ್ಮ ಅದನ್ನು ಸೀಗೆಪುಡಿ ಹಾಕಿ ತಿಕ್ಕಿದಳು. ಒಳಗೆ ಹೊರಗೆ ನೀರು ಹೊಯ್ದಳು. ಒಮ್ಮೆ ಕೊಡವಿ, ತಂಬಿಗೆಯ ಪಕ್ಕದಲ್ಲಿ ಬೋರಲು ಹಾಕಿದಳು. ಅದರ ಸುತ್ತ ನೀರು ಸಣ್ಣಗೆ ಇಳಿಯುತ್ತಿತ್ತು.

"ದಿನಾ ಹಿಂಗ ತೊಳೀತೀರೇನ್ರೀ ತಾಯಿ?"

"ಎರಡು ಹೊತ್ತೂ ತೊಳೀತೇನೆ ಡಾಕ್ಟ್ರೇ," ಅಂದಳು ಅಮ್ಮ ಅವರೊಂದಿಗಿನ ತನ್ನ ಪೇಟೆಯ ಕನ್ನಡದಲ್ಲಿ, ಹೆಮ್ಮೆಯಿಂದಲೇ. "ಅವ ಸೇದುವ ಮೊದಲು ಇನ್ನೊಂದು ಸಲ ನೀರು ಹಾಕಿ ಕೊಡ್ತೇನೆ. ಬಾಯಿಗೆ ಇಟ್ಟದ್ದಲ್ಲವಾ, ಎಂಜಲು. ನೀವೇ ಅಲ್ಲವಾ ಸ್ವಚ್ಛ ಇಟ್ಕೊಳ್ಳಿ ಅಂದದ್ದು?"

ಡಾಕ್ಟರು ಕೊಳವೆ ಎತ್ತಿಕೊಂಡು ಬಿಚ್ಚಿದರು. ಒಳಗಿನ ಜಾಲರಿಗೆ ಪುಡಿಯೆಲ್ಲ ನೆನೆದು ಅಕ್ಕಿಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಇಷ್ಟು ತಿಂಗಳು ನಾನು ಎಳೆದುಕೊಂಡದ್ದು ಬರಿಯ ತೇವದ ಗಾಳಿ. ಮದ್ದು ಅಲ್ಲೇ ಉಳಿದು, ಬಚ್ಚಲಿನ ನೀರಿನೊಂದಿಗೆ ಹೋಗಿತ್ತು. ಅಂಗಡಿಯವರಿಗೆ ನಗು ಬಂತು, ಡಾಕ್ಟರು ಒಮ್ಮೆ ಅವರ ಕಡೆ ನೋಡಿದರು, ನಗು ನಿಂತಿತು.

ಡಾಕ್ಟರು ಬಚ್ಚಲಿನ ಮೆಟ್ಟಿಲ ಮೇಲೆ, ಆ ಒದ್ದೆಯಲ್ಲೇ, ಕೂತುಬಿಟ್ಟರು. "ತಪ್ಪು ನಂದೈತ್ರೀ ತಾಯಿ," ಅಂದರು. "ಸ್ವಚ್ಛ ಇಟ್ಕೋರಿ ಅಂದೆ, ಹಸೀದು ಬಳಸಬ್ಯಾಡ್ರಿ ಅಂತ ಹೇಳಲಿಲ್ಲ. ಒಂದ ಹನಿ ನೀರು ಇದ್ರೂ ಪುಡಿ ಮ್ಯಾಲ ಏಳೂದಿಲ್ರೀ. ಇಲ್ಲಿ ಇಷ್ಟ ವರ್ಷ ಇದ್ದು, ಎಂಜಲ ಅನ್ನೂದು ನನ್ನ ತಲಿಗೇ ಬರಲಿಲ್ಲ."

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಪೇಟೆಯ ಕನ್ನಡ ಬಿಟ್ಟುಹೋಯಿತು. ನನ್ನ ಕಡೆ ತಿರುಗಿ ಕೇಳಿದಳು.

"ಹಂಗಾರೆ ತಮಾ, ನಿನ್ನ ಹಾಡನ್ನ ಇಷ್ಟು ದಿನ ಆನೇ ಎನ್ನ ಕೈಯಾರೆ ತೊಳದು ಚೆಲ್ಲಿದಂಗಾತಾ?"

ಡಾಕ್ಟರು "ಇಲ್ರೀ ತಾಯಿ, ಹಂಗ ಅನಬಾರ್ದು" ಎಂದು ಎದ್ದು ನಿಂತರು. ಆದರೆ ಮುಂದೇನು? ತೊಳೆಯಬೇಡಿ ಎಂದರೆ ಅಮ್ಮ ಹೂಂ ಅಂದಾಳು, ಮಗನಿಗಾಗಿ. ಆದರೆ ಎಂಜಲನ್ನು ಹಾಗೇ ಇಟ್ಟು ಮತ್ತೆ ಬಾಯಿಗೆ ಕೊಡುವಾಗ ದಿನಾ ಎರಡು ಹೊತ್ತು ಅವಳ ಮನಸ್ಸು ನೋಯುತ್ತಿತ್ತು. ಡಾಕ್ಟರಿಗೆ ಅದು ಗೊತ್ತಾಗಿತ್ತು, ಅದಕ್ಕೇ ಅವರು ಹೇಳಲಿಲ್ಲ. ಪಂಡಿತರ ಮುಖ ನೋಡಿದರು.

ಪಂಡಿತರು ಮೇಲೆ ನೋಡುತ್ತಿದ್ದರು. ಅಲ್ಲಿ ಮಡಿಕೋಲಿನ ಮೇಲೆ ಅಮ್ಮನ ಮಡಿಸೀರೆ ಒಣಗುತ್ತಿತ್ತು.

"ಅತ್ಗೇ, ಮಡಿಸೀರೆ ಒಂದೇ ಇದ್ದಾ ನಿಮ್ಮಲ್ಲಿ?"

"ಒಂದೇ ಇದ್ರೆ ಹೆಂಗೆ ಪಂಡಿತ್ರೇ? ಒಂದು ಒಣಗ್ತಾ ಇದ್ರೆ ಇನ್ನೊಂದು ಬೇಕಲ."

"ಹಂಗೇಯ. ಇದೂ ಎರಡು ಇರ್ಲಿ. ಬೆಳಿಗ್ಗೆದು ಬೇರೆ, ಸಂಜೆದು ಬೇರೆ. ಬೇಕಾದಷ್ಟು ತೊಳೀರಿ, ಒರೆಸಿ ಇಡಿ. ಮರುದಿನ ಅದರ ಪಾಳಿ ಬಪ್ಪತಂಕ ಒಣಗ್ತು. ಕೊಡಕಾದ್ರೆ ಮಾತ್ರ ನೀರು ಹಾಕಬ್ಯಾಡಿ."

ಅಮ್ಮ ಕಣ್ಣೊರೆಸಿಕೊಂಡು, ಅಡ್ಡಿಯಿಲ್ಲೆ ಅಂದಳು. ಡಾಕ್ಟರು ಪಂಡಿತರ ಕೈ ಹಿಡಿದು ಅಲ್ಲಾಡಿಸಿದರು, ಬಿಡಲೇ ಇಲ್ಲ. ಅಂಗಡಿಯವರು ಓಡಿ ಹೋಗಿ ಎರಡು ಹೊಸ ಕೊಳವೆ ತಂದರು. ಸಿಸ್ಟರ್ ಮಾತ್ರ ಚಪ್ಪಲಿ ಮೆಟ್ಟಿಯಾಗಿತ್ತು. "ಡಾಕ್ಟರ್, ಯಲ್ಲಾಪುರದಲ್ಲಿ ಎಷ್ಟು 'ಗುಣ ಆಗದವರು' ಇದ್ದಾರೋ ಅವರ ಬಚ್ಚಲು ನೋಡಿ ಬರ್ತೇನೆ," ಎಂದು ಹೊರಟೇಬಿಟ್ಟರು. ಅಲ್ಲಿಯೂ ಸಿದ್ದಾಪುರದಲ್ಲಿಯೂ ಅಂಥ ಬಚ್ಚಲುಗಳು ಸಿಕ್ಕವು. ಬಳಗಕ್ಕೆ ಅದೇ ಆಮೇಲಿನ ದೊಡ್ಡ ಕೆಲಸವಾಯಿತು. ಆಷಾಢ ಬಂದಾಗ ಅಮ್ಮ ತಾನಾಗಿಯೇ ಮೂರನೆಯದೊಂದು ತರಿಸಿದಳು, ನಮ್ಮಲ್ಲಿ ಮಳೆಗಾಲದಲ್ಲಿ ಸೀರೆಯೇ ಒಣಗುವುದಿಲ್ಲವಲ್ಲ.

ಪುಡಿ ಎದೆಗೆ ಇಳಿಯತೊಡಗಿದ್ದು ನನಗೆ ತಿಳಿದದ್ದು ಒಂದು ಬೆಳಿಗ್ಗೆ. ಶಾಲೆಯ ಮೆಟ್ಟಿಲು ಹತ್ತಿ, ತರಗತಿಗೆ ಹೋಗಿ, ಪಾಠ ಶುರುಮಾಡಿ, ಅರ್ಧಕ್ಕೆ ಬಂದಿದ್ದೆ. ಮೆಟ್ಟಿಲ ನಡುವೆ ಎಲ್ಲಿಯೂ ನಿಲ್ಲಲಿಲ್ಲವೆಂಬುದು ಆಗ ನೆನಪಾಯಿತು. ಮಕ್ಕಳಿಗೆ ಏನಾದರೂ ಬರೆದುಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ಸುಮ್ಮನೆ ನಿಂತೆ. ಎದೆಯೊಳಗೆ ಎಲ್ಲ ಬಾಗಿಲೂ ತೆರೆದಿಟ್ಟ ಮನೆಯಂಥ ನಿಶ್ಶಬ್ದ. ಆ ಸಂಜೆ ತಾಳ ಅಟ್ಟದಿಂದ ಇಳಿಯಿತು. ಅಮ್ಮನೇ ಇಳಿಸಿಟ್ಟಿದ್ದಳು.

ಚಂದಗುಳಿಯ ಕಡೆಯ ಆ ತಾಳಮದ್ದಳೆ ನಡೆದದ್ದು ಮಧ್ಯಾಹ್ನ ಊಟದ ಮೇಲೆ. ತೆಂಗಿನ ಗರಿಯ ಚಪ್ಪರ, ಎಲೆಯಡಿಕೆಯ ಕವಳ ಹಾಕಿಕೊಂಡು ಗೋಡೆಗೆ ಒರಗಿದ ಜನ, ಅರೆ ನಿದ್ದೆ, ಅರೆ ಎಚ್ಚರ. ಕೂಟದ ಹಿರಿಯರು ಇನ್ನೊಬ್ಬ ಭಾಗವತನನ್ನೂ ನನ್ನ ಹಿಂದೆಯೇ ಕೂರಿಸಿದ್ದರು. ಬೇಕಾದರೆ ಎಂದು. ನನಗೆ ಅವನ ಉಸಿರು ಬೆನ್ನಿಗೆ ತಾಗುತ್ತಿತ್ತು. ಯಲ್ಲಾಪುರದ ಬಸ್ಸಿನಿಂದ ಡಾಕ್ಟರು ಇಳಿದು ಬಂದದ್ದು ಕಂಡಿತು, ಜೊತೆಗೆ ಸಿಸ್ಟರ್. ಕಂಬದ ಪಕ್ಕ ಕೂತರು. ಡಾಕ್ಟರು ಜನ್ಮದಲ್ಲಿ ತಾಳಮದ್ದಳೆ ನೋಡಿದವರಲ್ಲ.

ಮೊದಲ ಪದ್ಯಗಳನ್ನು ಹೆದರಿಕೊಂಡೇ ಹಾಡಿದೆ. ಪ್ರತಿ ಸಾಲಿನ ಕೊನೆಗೂ ಬಾವಿಯಲ್ಲಿ ನೀರಿದೆಯೇ ಎಂದು ಬಗ್ಗಿ ನೋಡಿದಂತೆ ನೋಡಿಕೊಂಡೆ. ಇತ್ತು. ಯುದ್ಧದ ಪದ್ಯ ಬಂತು. ಚಂಡೆ ಏರಿತು, ನಾನು ಅದರ ಮೇಲೆ ಏರಿದೆ. ಗೋಡೆಗೆ ಒರಗಿದವರು ನೆಟ್ಟಗೆ ಕೂತದ್ದು ಕಂಡಿತು. ಆಮೇಲೆ ಏನೂ ಕಾಣಲಿಲ್ಲ. ಚಪ್ಪರದ ಗರಿಯ ಸಂದಿನಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು, ಮದ್ದಳೆಯವ ಎಲ್ಲೋ ದೂರದಲ್ಲಿ ನಗುತ್ತಿದ್ದ, ನಾನು ಹಾಡುತ್ತಿದ್ದೇನೋ ಯಾರೋ ಹಾಡಿದ್ದನ್ನು ಕೇಳುತ್ತಿದ್ದೇನೋ ತಿಳಿಯದ ಹಾಗೆ ಪದ್ಯದ ಮೇಲೆ ಪದ್ಯ ಹೋಯಿತು. ಮಂಗಳ ಹಾಡುವಾಗ ತಿರುಗಿ ನೋಡಿದರೆ ಹಿಂದೆ ಕೂತ ಭಾಗವತ ತನ್ನ ತಾಳವನ್ನು ಬದಿಗಿಟ್ಟು ಕೈಮುಗಿದುಕೊಂಡು ಕೂತಿದ್ದ.

ಜನ ಬಂದು ಏನೇನೋ ಹೇಳಿದರು. ಕೂಟದ ಹಿರಿಯರು "ರಾಶಿ ಚೊಲೊ ಆತು," ಅಂದರು. ಡಾಕ್ಟರು ಎಲ್ಲರೂ ಹೋಗುವ ತನಕ ಕಾದು ಹತ್ತಿರ ಬಂದರು.

"ಭಾಗವತ್ರ, ಖರೇ ಹೇಳ್ತೀನಿ, ನಿಮ್ಮ ಹಾಡು ನನಗ ಒಂಚೂರೂ ತಿಳೀಲಿಲ್ಲ," ಅಂದರು. "ನಾ ಬರೇ ನೀವು ಉಸಿರು ಎಲ್ಲಿ ತಗೋತೀರಿ ಅಂತ ಹುಡುಕ್ಕೋತ ಕುಂತಿದ್ದೆ. ಸುರೂಕ ಸಿಕ್ತು. ಯುದ್ಧ ಬಂದ ಮ್ಯಾಲ ಸಿಗಲೇ ಇಲ್ಲ. ಎಲ್ಲಿ ತಗೊಂಡ್ರಿ?"

ನೆನಪಿಸಿಕೊಳ್ಳಲು ನೋಡಿದೆ.

"ನನಗೂ ಗೊತ್ತಿಲ್ಲ ಡಾಕ್ಟ್ರೇ," ಅಂದೆ. "ಮರೆತುಬಿಟ್ಟಿದ್ದೆ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಬಸ್ಸಿನ ಹಾರ್ನ್ ಕೇಳಿಸಿತು, ಸಿಸ್ಟರ್ ಕರೆದರು, ಅವರು ಕೈ ಬಿಡಲಿಲ್ಲ.